ಡಬ್ಬಿ ಖಾಲಿ ಮರಳಬಾರದು

ನನ್ನ ದಿನಚರಿಯಲ್ಲಿ ಆ ವಾರದ ಆರು ಸಾಲುಗಳು ಸುಳ್ಳು. ಕೈಬರಹ ನನ್ನದೇ. ಬರೆಯುವಾಗ ಪೂರ್ತಿ ನಂಬಿ ಬರೆದಿದ್ದೆ. ಸೋಮವಾರ: ಮಧ್ಯಾಹ್ನ ಮೂರು ಚಮಚ ತಿಂದಿತು. ಮಂಗಳವಾರ: ನಾಲ್ಕು ಚಮಚ, ಬಟ್ಟಲನ್ನೂ ನೆಕ್ಕಿತು. ಬುಧವಾರದ ಸಾಲಿನ ತುದಿಗೆ ಒಂದು ಸಣ್ಣ ಹೂವನ್ನೂ ಬಿಡಿಸಿದ್ದೇನೆ. ದಿನಚರಿಯಲ್ಲಿ ಹೂವು ಬಿಡಿಸುವ ವಯಸ್ಸು ನನ್ನದಲ್ಲ.

ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಭರವಸೆ ಕಡಿಮೆ, ಅದಕ್ಕಾಗಿಯೇ ಬರೆದಿಡುತ್ತೇನೆ. ಈ ಸಲ ಬರೆದಿಟ್ಟದ್ದೇ ಕೈಕೊಟ್ಟಿತು. ಹಾಗಾಗಿ ಈಗ ಹೇಳುವುದರಲ್ಲಿ ಎಲ್ಲಿ ಖಚಿತ, ಎಲ್ಲಿ ಇಲ್ಲ ಎಂಬುದನ್ನೂ ಹೇಳುತ್ತ ಹೋಗುತ್ತೇನೆ.

ಬೀದರಿನ ಚಿದ್ರಿಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ ಇರುತ್ತೇವೆ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭಾಲ್ಕಿ ಹತ್ತಿರದ ಸಾಯಗಾಂವದಲ್ಲಿ ಅಂಗನವಾಡಿ ನಡೆಸಿ, ನಿವೃತ್ತಳಾದ ಮೇಲೆ ನನ್ನ ಜೊತೆ ಬಂದಳು. ನಾನು ಔರಾದಿನಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಬಸ್ಸು ಹಿಡಿದರೆ ಮನೆ ಕಾಣುವುದು ಸಂಜೆಗೇ. ಮೂರನೆಯದು ಬೆಕ್ಕು. ಆರು ವರ್ಷದ ಹಿಂದೆ ಅಂಗೈಯಗಲದ ಮರಿಯಾಗಿ ಬಂದದ್ದು. ಅದಕ್ಕೆ ಹೆಸರಿಡಲಿಲ್ಲ, ಬಾ ಎಂದರೆ ಬರುತ್ತಿತ್ತು.

ಅದಕ್ಕೆ ಜ್ವರ ಬಂದು, ವಾಂತಿ ಹತ್ತಿ, ಐದು ದಿನ ಪಶು ಆಸ್ಪತ್ರೆಯಲ್ಲಿ ಕಾಲಿಗೆ ಸೂಜಿ ಚುಚ್ಚಿ ಸಲೈನು ಕೊಟ್ಟರು. ಐದೂ ದಿನ ನಾನು ರಜೆ ಹಾಕಿದ್ದೆ. ಆರನೆಯ ದಿನ ಡಾಕ್ಟರು ಮನೆಗೆ ಕಳಿಸಿದರು.

"ಜ್ವರ ಹೋಗ್ಯಾದ್ರಿ ಮೇಡಂ. ಇನ್ನ ಹೊಟ್ಟಿಗಿ ಹೋಗಬೇಕು. ಬೆಕ್ಕು ನಮ್ಮಂಗ ಉಪವಾಸ ತಡಿಯಲ್ಲ. ಹಿಂಗೇ ತಿನ್ನದೆ ಕುಂತದಂದ್ರ ಲಿವರ್ ಕೆಡ್ತದ, ಆಮ್ಯಾಲ ನನ್ನ ಕೈಯಾಗೂ ಇರಲ್ಲ."

"ಹಾಲು ಕೊಡ್ಲೇನ್ರಿ?"

"ಹಾಲು ಬ್ಯಾಡ. ಕೋಳಿ. ಉಪ್ಪು, ಅರಿಶಿಣ, ಉಳ್ಳಾಗಡ್ಡಿ ಏನೂ ಹಾಕಬ್ಯಾಡ್ರಿ. ಬರೇ ನೀರಾಗ ಕುದಿಸಿ, ನುಣ್ಣಗ ಅರದು, ಬೆಚ್ಚಗಿದ್ದಾಗ ಕೊಡ್ರಿ. ಮೂಗಿಗಿ ವಾಸನಿ ಹತ್ತಬೇಕು, ಅಂದ್ರನೇ ಬಾಯಿ ತಗೀತದ."

ನಮ್ಮ ಮನೆಯೊಳಗೆ ಮಾಂಸ ಬಂದದ್ದಿಲ್ಲ. ಅಕ್ಕ ಎರಡು ಹೊತ್ತು ಲಿಂಗಪೂಜೆ ಮಾಡುವವಳು. ನಾನು ಪೂಜೆ ಬಿಟ್ಟು ಬಹಳ ವರ್ಷವಾಯಿತು, ಆದರೆ ನಾಲಿಗೆ ಮಾತ್ರ ಅವ್ವನ ಅಡುಗೆಮನೆಯಲ್ಲೇ ಉಳಿದಿದೆ. ಈ ತೊಡಕನ್ನು ಬಿಡಿಸಿದವಳು ಪಕ್ಕದ ಮನೆಯ ಖಾಲಾ; ಚಿಕ್ಕಮ್ಮ ಎಂಬರ್ಥದಲ್ಲಿ ನಾವು ಅವಳನ್ನು ಕರೆಯುವುದೇ ಹಾಗೆ. ನಡುವಿನ ಗೋಡೆಗೆ ಮೊಳಕೈ ಊರಿ ನಿಂತು ಎಲ್ಲ ಕೇಳಿಸಿಕೊಂಡಳು.

"ಅರೇ, ಬಿಲ್ಲಿಗಿ ಮುರ್ಗಿ ಕುದಿಸಲಾಕ ಏನದ ಬೇಟಾ? ನಮ್ಮ ಒಲಿ ಹ್ಯಾಂಗೂ ಹತ್ತೇ ಇರ್ತದ. ಡಬ್ಬಿದಾಗ ಹಾಕಿ ಕೊಡ್ತೇನಿ."

ಅಕ್ಕ ಅಂದಳು, "ನಮ್ಮ ಬೆಕ್ಕು ಹಾಲನ್ನದ ಮ್ಯಾಲ ಬೆಳದದರಿ."

"ಮತ್ತ ಇಲಿ ಹಿಡಿತದಲ್ಲರಿ! ಇಲಿ ಏನು ಬದನಿಕಾಯಿ ಅಂತ ತಿಳದೀರೇನ್ರಿ?"

ಮೂವರೂ ನಕ್ಕೆವು ಎಂದು ನನ್ನ ನೆನಪು. ಈಗ ಅನುಮಾನ. ನಕ್ಕವರು ಇಬ್ಬರೇ ಇರಬಹುದು.

ಮೊದಲ ದಿನ, ಭಾನುವಾರ, ಹಿತ್ತಲ ಮೆಟ್ಟಿಲ ಮೇಲೆ ಕೂತು ನಾನೇ ತಿನ್ನಿಸಲು ನೋಡಿದೆ. ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಹಬೆಗೆ ನಾನೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬೆಕ್ಕು ಒಮ್ಮೆ ಮೂಸಿ ಮುಖವನ್ನು ಗೋಡೆಗೆ ತಿರುಗಿಸಿತು. ಬೆರಳ ತುದಿಗೆ ಹಚ್ಚಿಕೊಂಡು ಅದರ ತುಟಿಗೆ ಒರೆಸಿದೆ. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಹೀಗೆ ಒಂದು ಗಂಟೆಯಲ್ಲಿ ಅರ್ಧ ಚಮಚ. ನಾನು ಸೋಪಿನಿಂದ ಮೂರು ಸಲ ಕೈ ತೊಳೆದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಹೇಳಿದಳು:

"ನಾಳಿಂದ ನೀ ಹೋಗು. ಪರೀಕ್ಷಾ ಅದಾವಂತಿದ್ದಿ. ನಾ ತಿನಸ್ತೇನಿ."

"ನಿನಗ ಆಗತದೇನಕ್ಕಾ?"

"ನಲವತ್ತು ಕೂಸುಗಳಿಗಿ ಉಣಿಸೀನಿ ತಂಗಿ. ಒಂದು ಬೆಕ್ಕಿಗಿ ಉಣಿಸಲಾರೆನೇನು? ಚಮಚಾ ಅದಲ್ಲ, ಮುಟ್ಟೋದೆಲ್ಲಿ ಬಂತು?"

ಆ ವಾರ ಸಂಜೆಯ ಬಸ್ಸು ಜನವಾಡ ತಲುಪುವ ಹೊತ್ತಿಗೆ ಫೋನು ಮಾಡುತ್ತಿದ್ದೆ. "ತಿಂತೇನಕ್ಕಾ?" "ತಿಂತು." "ಎಷ್ಟು?" "ಮೂರು ಚಮಚಾ." ಕೆಲವು ದಿನ ನಾನೇ "ತಿಂತಲ್ಲಾ?" ಎಂದು ಕೇಳಿರಬಹುದು, ಅವಳು ಬರೀ ಹ್ಞೂಂ ಅಂದಿರಬಹುದು. ಆದರೆ ಚಮಚದ ಲೆಕ್ಕವನ್ನು ನಾನು ಹುಟ್ಟಿಸಿಕೊಂಡಿಲ್ಲ, ಅದಂತೂ ಅವಳದೇ. ಮನೆಗೆ ಬಂದು, ಖಾಲಾ ಬೇರೆ ತೆಗೆದಿಟ್ಟ ರಾತ್ರಿಯ ಪಾಲು ಹಿಡಿದರೆ ಬೆಕ್ಕು ಬಾಯಿ ತೆರೆಯುತ್ತಿರಲಿಲ್ಲ. ಮಧ್ಯಾಹ್ನದ್ದೇ ಇನ್ನೂ ಅರಗಿಲ್ಲ ಎಂದುಕೊಳ್ಳುತ್ತಿದ್ದೆ. ಬೆನ್ನು ಸವರಿದರೆ ಮಣಿಸರದಂತೆ ಎಲುಬು ಕೈಗೆ ಸಿಗುತ್ತಿತ್ತು. ಕಾಯಿಲೆಯಲ್ಲಿ ಕೂದಲು ಉದುರಿದ್ದಕ್ಕೆ ಹಾಗೆ ಎಂದುಕೊಂಡೆ. ಕಲಿತವರು ಕಣ್ಣೆದುರಿನದನ್ನು ತಳ್ಳಿಹಾಕಲು ಕಾರಣಗಳನ್ನು ಬೇಗ ಹುಡುಕುತ್ತಾರೆ.

ಶನಿವಾರ ಮಧ್ಯಾಹ್ನ ಬೇಗ ಬಂದು, ಅಂದಿನ ಚಮಚದ ಲೆಕ್ಕವನ್ನೂ ಕೇಳಿ ಬರೆದು, ಅಕ್ಕನನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದೆ. ಆಟೋದಲ್ಲಿ ಬೆಕ್ಕು ಅಕ್ಕನ ಮಡಿಲಲ್ಲಿತ್ತು, ಸೆರಗು ಹೊದೆಸಿದ್ದಳು. ತೂಕ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಇಳದದಲ್ರಿ ಮೇಡಂ. ತಿಂದದಂದ್ರಿ?"

ನಾನು ಚೀಲದಿಂದ ದಿನಚರಿ ತೆಗೆದೆ. ಹೌದು, ಪುರಾವೆಯಂತೆ ಅವರ ಮುಂದೆ ಹಿಡಿದೆ. ಅವರು ಆರೂ ಸಾಲುಗಳನ್ನು ಓದಿದರು. ಹೂವನ್ನೂ ನೋಡಿರಬೇಕು.

"ಇಷ್ಟು ತಿಂದೂ ಇಳೀತದಂದ್ರ ಒಳಗ ಬ್ಯಾರೆ ಏನರ ಅದ. ರಕ್ತ ನೋಡಬೇಕಾಗ್ತದ್ರಿ."

ನರ ಸಿಗಲಿಲ್ಲ. ಒಂದು ಕಾಲಿಗೆ ಎರಡು ಸಲ, ಇನ್ನೊಂದಕ್ಕೆ ಒಂದು ಸಲ ಚುಚ್ಚಿದರು. ಬೆಕ್ಕಿಗೆ ಕೂಗುವಷ್ಟೂ ಕಸುವಿರಲಿಲ್ಲ, ಬಾಯಿ ಮಾತ್ರ ತೆರೆಯಿತು. ಆ ಹೊತ್ತಿನಲ್ಲಿ ಅದರ ತಲೆ ಹಿಡಿದು ನಿಂತವಳು ಅಕ್ಕ. ಆಗಲೂ ಅವಳು ಏನೂ ಹೇಳಲಿಲ್ಲ. ಇದು ನನಗೆ ಖಚಿತವಾಗಿ ನೆನಪಿದೆ.

ಮನೆ ಮುಂದೆ ಆಟೋ ಇಳಿದಾಗ ಖಾಲಾ ಗೇಟಿನಲ್ಲಿದ್ದಳು. ಅಕ್ಕ ಬೆಕ್ಕನ್ನು ಎತ್ತಿಕೊಂಡು ನೇರ ಒಳಗೆ ಹೋದಳು. ಖಾಲಾ ನನ್ನನ್ನು ನಿಲ್ಲಿಸಿದಳು.

"ಉಳದದ್ದು ಕುತ್ತಾಗ ಹಾಕ್ರಿ, ನಾ ಬ್ಯಾಡನ್ನಲ್ಲ. ಆದ್ರ ಸ್ವಲ್ಪ ಬಿಲ್ಲಿ ಹೊಟ್ಟಿಗೂ ಹೋಗಲಿ ಬೇಟಾ. ನಿಮ್ಮ ಹಿತ್ತಲ ಗ್ವಾಡಿ ಹಿಂದಿನ ಆ ಲಾಲ್ ಕುತ್ತಾ ನೋಡು, ಹೊಸಾ ಅಳಿಯ ಮನಿಗಿ ಬಂದಂಗ ಮೈ ಬಿಟ್ಟಾದ!"

"ಯಾವ ನಾಯಿ ಖಾಲಾ?"

"ಯಾವುದಂತೀ? ದಿನಾ ಹನ್ನೊಂದಕ್ಕ ಬಂದು ಗ್ವಾಡಿ ಮಗ್ಗಲಿಗಿ ಕುಂಡ್ರತದ. ನಿಮ್ಮ ಅಕ್ಕಾರ ಕೈಯಾಗಿಂದು ತಿಂದೇ ಹೋಗತದ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ನಿನಗ ಗೊತ್ತಿಲ್ಲೇನು? ನಾ ಉಳದದ್ದು ಹಾಕ್ತಾರಂತ ತಿಳದೆ. ಡಬ್ಬಿ ನೋಡಿದ್ರ ಹುಣಸಿಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿ ಕಳಸ್ತಾರ. ಒಂದಿನಾನೂ ಖಾಲಿ ಕಳಿಸಿಲ್ಲ. ಶೇಂಗಾದುಂಡಿ, ಚಕ್ಕುಲಿ, ನಿನ್ನಿ ಎಳ್ಳಿನ ಹೋಳಿಗಿ. ನಮ್ಮ ಮನ್ಯಾಗಿನವರು ಕೇಳಲಾಕತ್ತಾರ, ಬಿಲ್ಲಿ ಅವರದೋ ನಮ್ಮದೋ ಅಂತ."

ನಮ್ಮ ಕಡೆ ನೆರೆಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಈ ರೀತಿಯನ್ನು ನನಗೆ ಕಲಿಸಿದವಳೇ ಅಕ್ಕ. ದಿನವೂ ಅವಳು ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಹೂರಣ ಅರೆದು ಆ ಡಬ್ಬಿಯನ್ನು ತುಂಬಿದ್ದಳು. ಗೋಡೆಯ ಆಚೆ ಯಾರಿಗೂ ಅನುಮಾನ ಬರಲಿಲ್ಲ. ಗೋಡೆಯ ಈಚೆ ಬೆಕ್ಕು ಹಸಿದು ಮಲಗಿತ್ತು.

ಒಳಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಶೇಂಗಾದ ಸಿಪ್ಪೆ ಬಿಡಿಸುತ್ತಿದ್ದಳು.

"ಒಂದಿನಾನೂ ತಿನಿಸಿಲ್ಲೇನು?"

ಕೈ ನಿಂತಿತು. "ಸೋಮಾರ ಮುಚ್ಚಳ ತಗದೆ. ಆಗಲಿಲ್ಲ. ವಾಂತಿ ಬಂತು, ಮತ್ತ ಜಳಕ ಮಾಡಿದೆ. ಹಾಲು-ಸಕ್ರಿ ಕೊಟ್ಟೀನಿ. ವಿಭೂತಿ ಹಚ್ಚೀನಿ."

"ಡಾಕ್ಟರು ಹಾಲು ಬ್ಯಾಡ ಅಂದಿದ್ದರು."

"ಆರು ವರ್ಷ ಹಾಲು ಕುಡದೇ ಬೆಳದದ."

"ಆಗಲಿಲ್ಲ ಅಂತ ಫೋನಿನ್ಯಾಗ ಹೇಳಬೇಕಿತ್ತಲ್ಲಕ್ಕಾ. ಖಾಲಾ ತಾನೇ ಬಂದು ತಿನಸ್ತಿದ್ದಳು."

"ಹೇಳಿದ್ರ ನೀ ಅಲ್ಲಿ ಕುಂತು ಅಳತಿದ್ದಿ. ಕೆಲಸಾ ಕೆಡತಿತ್ತು. ನಾಳಿ ಆದ್ರೂ ನನ್ನಿಂದ ಆಗತದ, ನಾಳಿ ಆಗತದ ಅಂತ ಮಾಡಿದೆ."

"ಸೂಜಿ ಚುಚ್ಚುವಾಗರ ಹೇಳಬೇಕಿತ್ತು."

ಅಕ್ಕ ಮೊರ ಎತ್ತಿಕೊಂಡಳು. ಶೇಂಗಾದ ಕೆಂಪು ಸಿಪ್ಪೆಯನ್ನು ಮೊರದಲ್ಲಿ ಊದಿದಳು. ಕೇಳಬೇಕೆಂದು ಯೋಚಿಸದೆಯೇ, ಇನ್ನೊಂದು ಪ್ರಶ್ನೆ ನನ್ನ ಬಾಯಿಂದ ಬಂತು.

"ಅವ್ವಾನೂ ಉಂಡಿದ್ದಿಲ್ಲೇನು?"

ನಾನು ಕಲಬುರಗಿಯಲ್ಲಿ ಎಂ.ಎ. ಓದುವಾಗ ಅವ್ವ ಭಾಲ್ಕಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಪರೀಕ್ಷೆಯ ದಿನಗಳಲ್ಲಿ ಹಾಸ್ಟೆಲಿನ ಫೋನಿಗೆ ಅಕ್ಕ ದಿನವೂ ಹೇಳುತ್ತಿದ್ದಳು: ಅವ್ವ ಗಂಜಿ ಕುಡದಾಳ, ನೀ ಓದು. ಕೊನೆಯ ಪೇಪರು ಬರೆದು ಊರಿಗೆ ಹೋದಾಗ ಅವ್ವ ನನ್ನನ್ನು ಗುರುತಿಸಲಿಲ್ಲ. ಒಂಬತ್ತು ದಿನಕ್ಕೆ ತೀರಿಕೊಂಡಳು. ಕಾಯಿಲೆ ಒಮ್ಮೆಲೇ ಉಲ್ಬಣಿಸಿತು ಎಂದು ಇಷ್ಟು ವರ್ಷ ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆಗಲೂ ಅಕ್ಕ "ಮೂರು ಚಮಚಾ" ಅನ್ನುತ್ತಿದ್ದಳು ಎಂದು ಈಗ ಕಿವಿಯಲ್ಲಿ ಕೇಳಿಸುತ್ತದೆ. ನಿಜವಾಗಿ ಅಂದಿದ್ದಳೋ, ಬೆಕ್ಕಿನ ಚಮಚ ಹಿಂದಕ್ಕೆ ಹೋಗಿ ಅವ್ವನ ಗಂಜಿಯಲ್ಲಿ ಬಿದ್ದಿದೆಯೋ ಹೇಳಲಾರೆ. ಆ ವರ್ಷದ ದಿನಚರಿ ಟ್ರಂಕಿನಲ್ಲಿದೆ. ತೆರೆದು ನೋಡಿದರೆ ತಿಳಿಯುತ್ತದೆ. ನೋಡಿಲ್ಲ.

ಅಕ್ಕ ಮೊರವನ್ನು ಕೆಳಗಿಟ್ಟು, "ನಿನ್ನ ಪರೀಕ್ಷಾ ಇತ್ತು" ಎಂದಳು. ಅಷ್ಟೇ.

ಮರುದಿನ ಭಾನುವಾರ, ಮೇಲೆ ಎರಡು ದಿನ ಸಂಬಳವಿಲ್ಲದ ರಜೆ. ಡಾಕ್ಟರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಹೇಳುವಾಗ "ನಮ್ಮಿಂದ ತಪ್ಪಾಗಿದೆ" ಎಂದೆ, "ಅಕ್ಕನಿಂದ" ಎಂದು ಬಾಯಿಗೆ ಬರಲಿಲ್ಲ. ಖಾಲಾ ಗೋಡೆ ಬಳಸಿ ನಮ್ಮ ಹಿತ್ತಲಿಗೇ ಬಂದು ಕೂತಳು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿದೆವು. ಬೆಕ್ಕು ಮತ್ತೆ ಗೋಡೆಯ ಕಡೆ ತಿರುಗಿತು. ತುಟಿಗೆ ಒರೆಸಿದರೆ ತಲೆ ಕೊಡವಿತು.

"ಬಾಯಿಗಿ ಬ್ಯಾಡ, ಕಾಲಿಗಿ ಹಚ್ಚು. ಹೊಲಸು ಕಾಲು ಯಾವ ಬಿಲ್ಲಿನೂ ಸಹಿಸಲ್ಲ. ಹಟ ಬ್ಯಾರೆ, ಸಫಾಯಿ ಬ್ಯಾರೆ" ಎಂದಳು ಖಾಲಾ.

ಮುಂಗಾಲಿನ ಮೇಲೆ ಒಂದು ಬಟಾಣಿ ಗಾತ್ರ ಹಚ್ಚಿದೆ. ಬೆಕ್ಕು ಬಹಳ ಹೊತ್ತು ಅದನ್ನು ನೋಡಿತು, ಬೇಸರದಿಂದ ನೆಕ್ಕಿತು. ಮತ್ತೆ ಹಚ್ಚಿದೆ. ಮೊದಲ ದಿನ ಹೀಗೇ ಕಳೆಯಿತು. ಎರಡನೆಯ ದಿನ ಕಾಲು ನೆಕ್ಕಿದ ಮೇಲೆ ನನ್ನ ಬೆರಳನ್ನು ಹುಡುಕಿತು. ಮೂರನೆಯ ದಿನ ಮಧ್ಯಾಹ್ನ ಬಟ್ಟಲಿಗೆ ತಾನಾಗಿಯೇ ತಲೆ ಬಾಗಿಸಿತು. ತಿನ್ನುವಾಗ ಅದರ ಕಿವಿಗಳು ಅಲುಗುತ್ತಿದ್ದವು. ಖಾಲಾ ಬಾಯಿಗೆ ಕೈ ಅಡ್ಡ ಹಿಡಿದು, ಸದ್ದು ಮಾಡಬೇಡ ಎಂದು ನನಗೇ ಸನ್ನೆ ಮಾಡಿದಳು.

ಅಡುಗೆಮನೆಯ ಹೊಸ್ತಿಲ ಒಳಗಿನಿಂದ ಅಕ್ಕನ ದನಿ ಬಂತು. "ತಿಂತೇನು?"

ನಾನು ಹೇಳಲಿಲ್ಲ. ಒಂದು ಮಾತು, ಹೇಳಬಹುದಿತ್ತು. ಅವಳು ಇನ್ನೊಮ್ಮೆ ಕೇಳಿದಳು. ಆಗಲೂ ಹೇಳಲಿಲ್ಲ. ಕೊನೆಗೆ ಖಾಲಾ ನನ್ನನ್ನು ಗದರುವ ಕಣ್ಣಿನಿಂದ ನೋಡಿ, "ತಿನ್ನಲಾಕತ್ತಾದ್ರೀ!" ಎಂದು ಒಳಗೆ ಕೇಳುವಂತೆ ಕೂಗಿದಳು.

ಬುಧವಾರ ಔರಾದಿಗೆ ಹೊರಟಾಗ ಹಿತ್ತಲ ಬಾಗಿಲ ಕೀಲಿಯನ್ನು ಖಾಲಾಗೆ ಕೊಟ್ಟೆ. ಅಕ್ಕ ಮನೆಯಲ್ಲೇ ಇರುತ್ತಾಳೆ, ಬಾಗಿಲು ತೆರೆದೇ ಇರುತ್ತದೆ, ಕೀಲಿ ಬೇಕಿರಲಿಲ್ಲ. ಆದರೂ ಅಕ್ಕನ ಎದುರಿಗೇ ಕೊಟ್ಟೆ. ಸಂಜೆ ಜನವಾಡ ಬಂದಾಗ ಖಾಲಾಗೆ ಫೋನು ಮಾಡಿದೆ. ಬಟ್ಟಲ ಫೋಟೋ ಕಳಿಸಲು ಹೇಳಿದೆ, ಕಳಿಸಿದಳು. ಅದು ಖಾಲಿಯಾಗಿತ್ತು.

ಮನೆಗೆ ಬಂದಾಗ ಬೆಕ್ಕು ಅಕ್ಕನ ಪಾದದ ಮೇಲೆ ಗದ್ದ ಊರಿ ಮಲಗಿತ್ತು. ಅದಕ್ಕೆ ಏನೂ ತಿಳಿಯದು, ಅಥವಾ ಅದು ಲೆಕ್ಕ ಇಡುವುದಿಲ್ಲ. ಅಕ್ಕ ಮೆಲ್ಲಗೆ ಕಾಲು ಬಿಡಿಸಿಕೊಂಡು ಎದ್ದು, ಶನಿವಾರದಿಂದ ನಮ್ಮಲ್ಲೇ ಉಳಿದಿದ್ದ ಖಾಲಾಳ ಡಬ್ಬಿಯನ್ನು ತಂದು ನನ್ನ ಕೈಗಿಟ್ಟಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು, ಹೊಳೆಯುತ್ತಿತ್ತು.

"ಖಾಲಾಗ ಕೊಟ್ಟು ಬಾ. ಶೇಂಗಾದುಂಡಿ ಹಾಕೀನಿ."

ಡಬ್ಬಿ ಭಾರವಾಗಿತ್ತು. ತುಂಬಿದೆ ಎಂದು ಕೈಗೇ ಗೊತ್ತಾಗುತ್ತಿತ್ತು. ಆದರೂ ಅಲ್ಲೇ, ಅವಳ ಮುಂದೆಯೇ ಮುಚ್ಚಳ ತೆಗೆದು ಒಳಗೆ ನೋಡಿದೆ. ಉಂಡೆಗಳಿದ್ದವು. ತಲೆಯೆತ್ತಿದಾಗ ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಮುಚ್ಚಳ ಒತ್ತಿ, ಚಪ್ಪಲಿ ಮೆಟ್ಟಿ, ಪಕ್ಕದ ಮನೆಗೆ ಹೋದೆ.