ಅಕ್ಕನ ಹೆಬ್ಬೆಟ್ಟು

ನಮ್ಮಕ್ಕನ ಬೆರಳ ತುದಿಗಳು ಹಿತುಕಿದ ಅವರೆಕಾಳಿನ ಹಾಗಿದ್ದವು. ಸಿಪ್ಪೆ ಜಾರಿದ ಮೇಲೆ ಒಳಗಿನ ಬೇಳೆ ಕಾಣುತ್ತದಲ್ಲ, ಹಾಗೆ ಬೆಳ್ಳಗೆ, ನುಣ್ಣಗೆ. ಮೈಬಣ್ಣ ಕಪ್ಪು, ಅಂಗೈಯೂ ಒರಟು, ಬೆರಳ ತುದಿ ಮಾತ್ರ ಬೇರೆ ಯಾರದ್ದೋ ತಂದು ಅಂಟಿಸಿದಂತೆ. ಚಿಕ್ಕಂದಿನಲ್ಲಿ ನಾನು ಅವಳ ಹೆಬ್ಬೆರಳನ್ನು ಹಿಡಿದು ದಿಟ್ಟಿಸುತ್ತಿದ್ದೆ. ಅದರಲ್ಲಿ ಗೆರೆಯೇ ಇರಲಿಲ್ಲ.

ಮದುವೆಗೆ ಮುಂಚೆಯಿಂದಲೂ ಅವಳು ರಾಮನಗರದ ಒಂದು ಫಿಲೇಚರಿನಲ್ಲಿ ರೇಷ್ಮೆ ಬಿಚ್ಚುತ್ತಿದ್ದಳು. ಕುದಿಯುವ ನೀರಿನಲ್ಲಿ ಬೆಂದ ಗೂಡನ್ನು ಬಿಸಿನೀರಿನ ತೊಟ್ಟಿಗೆ ಹಾಕಿ, ಬೆರಳಿನಿಂದ ಎಳೆಯ ತುದಿ ಹುಡುಕಿ ಎತ್ತಿ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ಕೈ ಬಿಸಿನೀರಿಗೆ. ದಿನವೆಲ್ಲ ಅದೇ. ಮೊದಲು ಬೊಬ್ಬೆ ಬರುತ್ತದೆ, ಆಮೇಲೆ ಚರ್ಮ ಸುಲಿಯುತ್ತದೆ, ಆಮೇಲೆ ಏನೂ ಆಗುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಅವಳು ಬರಿಗೈಯಲ್ಲಿ ಇಳಿಸುವುದನ್ನು ನೋಡಿದ ಹೊಸಬರು ಕೂಗಿಕೊಳ್ಳುತ್ತಿದ್ದರು. "ಇದ್ರಲ್ಲೇನೈತೆ, ನನ್ ಕೈಗೆ ಚಳಿಯಾಯ್ತಾ ಐತೆ" ಅಂತ ನಗುತ್ತಿದ್ದಳು.

ನಮ್ಮ ಅಪ್ಪ ಕಾಡಂಚಿನ ದೊಡ್ಡಆಲಹಳ್ಳಿ ಕಡೆಯಿಂದ ಬಂದವನು. ಅವನೂ ಅವ್ವನೂ ಬೇಗ ತೀರಿಕೊಂಡರು. ಅಕ್ಕನ ಗಂಡನೂ ಹೆಚ್ಚು ದಿನ ಬದುಕಲಿಲ್ಲ. ಉಳಿದದ್ದು ಅವಳು ಮತ್ತು ನಾನು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಅಕ್ಕ ನನ್ನನ್ನು ತನ್ನ ಫಿಲೇಚರಿಗೇ ಸೇರಿಸಿದಳು, ಗೂಡು ಬೇಯಿಸುವ ಕೆಲಸಕ್ಕೆ. ದೊಡ್ಡವನಾಗಿ ನಾನು ಬೇರೆ ಬಾಡಿಗೆ ಮನೆ ಹಿಡಿದರೂ ರಾತ್ರಿಯೂಟ ಮಾತ್ರ ಅಕ್ಕನ ಮನೆಯಲ್ಲೇ. ರೇಷನ್ ಕಾರ್ಡು ಇಬ್ಬರದ್ದೂ ಒಂದೇ. ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂದಾಗ ಅಕ್ಕನ ಬೆರಳಿಗೆ ಅದು ಕೆಂಪು ದೀಪವನ್ನೇ ತೋರಿಸಿತು. ಒರೆಸಿ ಒತ್ತಿದಳು, ಎಣ್ಣೆ ಹಚ್ಚಿ ಒತ್ತಿದಳು. ಅಂದಿನಿಂದ ಅಕ್ಕಿಗೆ ಪ್ರತಿ ತಿಂಗಳೂ ನಾನೇ ಹೋಗುತ್ತಿದ್ದೆ. "ಈ ಮಿಸೀನ್‌ಗೆ ನಾನು ಸತ್ತೋಗಿವ್ನಿ ಕಣ್ಲಾ. ನೀನಿರೋದ್ರಿಂದ ಉಣ್ತಾ ಇವ್ನಿ" ಅನ್ನುತ್ತಿದ್ದಳು. ಈ ಮಾತನ್ನು ನಾನು ಮರೆಯಬಾರದಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಫಿಲೇಚರುಗಳಿಗೆ ಬಂಗಾಳದ ಕಡೆಯವರು ಬರತೊಡಗಿದರು. ಶೆಡ್ಡಿನಲ್ಲೇ ಮಲಗುತ್ತಿದ್ದರು, ಕರೆದ ಹೊತ್ತಿಗೆ ಏಳುತ್ತಿದ್ದರು, ನಮಗಿಂತ ಕಡಿಮೆ ಕೂಲಿಗೆ ಒಪ್ಪುತ್ತಿದ್ದರು. ಮಾಲೀಕರಾದ ಸಾಹೇಬರು ನನ್ನ ಕೆಲಸವನ್ನು ಅವರಲ್ಲೊಬ್ಬನಿಗೆ ಕೊಟ್ಟರು. ನಾನು ಲಗೇಜ್ ಆಟೋ ಹಿಡಿದೆ. ಟೀ ಅಂಗಡಿಯಲ್ಲಿ ನನ್ನಂಥವರ ಒಂದು ಗುಂಪಾಯಿತು. ಇವರೆಲ್ಲ ಬಾಂಗ್ಲಾದೇಶದಿಂದ ಕದ್ದು ಬಂದವರು, ಕಾರ್ಡೆಲ್ಲ ನಕಲಿ ಅಂತ ಒಬ್ಬ ಅನ್ನುತ್ತಿದ್ದ. ಇನ್ನೊಬ್ಬ ಹೌದು ಅನ್ನುತ್ತಿದ್ದ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಹೊಟ್ಟೆಯುರಿ ಮಾತ್ರ ನಿಜವಾಗಿತ್ತು. ನಾವು ಸೇರಿ ಠಾಣೆಗೆ ಒಂದು ದೂರು ಕೊಟ್ಟೆವು.

ಆ ದೂರಿಗೂ ಬಹಳ ಮುಂಚೆಯೇ ಅಕ್ಕನ ಪಕ್ಕದ ತೊಟ್ಟಿಗೆ ಬಂದವಳು ಬಂಗಾಳದ ಮುರ್ಷಿದಾಬಾದಿನ ಒಬ್ಬ ಹುಡುಗಿ. ಅವಳ ಊರಿನಲ್ಲೂ ರೇಷ್ಮೆ ಇದೆಯಂತೆ. ಭಾಷೆ ಬಾರದಿದ್ದರೂ ಇಬ್ಬರೂ ಗೂಡು ಹಿಡಿದು ತೋರಿಸಿಕೊಂಡೇ ಮಾತು ಶುರುಮಾಡಿದರು. ವರ್ಷ ತುಂಬುವುದರೊಳಗೆ ಆ ಹುಡುಗಿ ನಮ್ಮಕ್ಕನ ಕನ್ನಡವನ್ನೇ ಆಡತೊಡಗಿದಳು, ಬೈಗುಳ ಸಮೇತ. ಅಕ್ಕ ಅವಳನ್ನು "ಮಗ" ಅನ್ನುತ್ತಿದ್ದಳು.

ನಾನು ಊಟಕ್ಕೆ ಕೂತು ಗೊಣಗಿದರೆ ಅಕ್ಕ ಮುದ್ದೆ ಕಟ್ಟುತ್ತಲೇ ಕೇಳುತ್ತಿದ್ದಳು, "ಕೂಲಿ ಕಮ್ಮಿ ಮಾಡ್ದೋರ್ಯಾರ್ಲಾ? ಆ ಮಗನಾ, ಸಾಹೇಬ್ರಾ?"

"ಸಾಹೇಬ್ರೇ ಅನ್ಕೊ. ಇವ್ರು ಬರ್ದಿದ್ರೆ ಸಾಹೇಬ್ರು ಎಂಗ್ ಕಮ್ಮಿ ಮಾಡೋರು?"

"ನಮ್ಮಪ್ಪ ಕಾಡ್ ಕಡೆಯಿಂದ ಈ ಊರ್ಗೆ ಬಂದಾಗ್ಲೂ ಹಿಂಗೇ ಅಂದಿದ್ರಂತೆ. ಉಣ್ಣು, ಸಾರು ಆರೋಯ್ತದೆ."

ದೂರು ಕೊಟ್ಟ ಮೇಲೆ ಪೊಲೀಸರು ಶೆಡ್ಡಿನಿಂದ ಮೂವರು ಗಂಡಸರನ್ನು ವಿಚಾರಣೆಗೆಂದು ಕರೆದೊಯ್ದರು. ಅವರು ಮಾರನೆಯ ದಿನವೂ ಬರಲಿಲ್ಲ. ಆಗ ಬಂಗಾಳದವರೆಲ್ಲ ಕೆಲಸ ನಿಲ್ಲಿಸಿ ಫಿಲೇಚರಿನ ಗೇಟಿನ ಮುಂದೆ ಕೂತರು. ಅವರ ಘೋಷಣೆ ನಮಗೆ ಅರ್ಥವಾಗುತ್ತಿರಲಿಲ್ಲ. ಸಾಹೇಬರು ತಲೆಮೇಲೆ ಕೈಹೊತ್ತು ಓಡಾಡುತ್ತಿದ್ದರು. ಮಾರುಕಟ್ಟೆಯಿಂದ ತಂದ ಗೂಡು ಹಾಗೇ ಬಿದ್ದಿತ್ತು. ಬಿಟ್ಟರೆ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ.

ನಮ್ಮ ಗುಂಪು ರಸ್ತೆಯ ಆಚೆ ನಿಂತು ಕೂಗುತ್ತಿತ್ತು. ನಾನೂ ಕೂಗುತ್ತಿದ್ದೆ. ಆಗ ನೋಡಿದೆ. ಕೂತವರ ನಡುವೆ, ಆ ಹುಡುಗಿಯ ಪಕ್ಕದಲ್ಲಿ, ನಮ್ಮಕ್ಕ ಕೂತಿದ್ದಳು. ಎಲೆ ಅಡಿಕೆ ಹಾಕಿಕೊಂಡು, ಮದುವೆ ಮನೆಯ ಚಪ್ಪರದಲ್ಲಿ ಕೂತ ಹಾಗೆ.

ಪೊಲೀಸ್ ವ್ಯಾನು ಬಂತು. ಜೊತೆಗೆ ಬಂದ ಅಧಿಕಾರಿಯ ಕೈಯಲ್ಲಿ ರೇಷನ್ ಅಂಗಡಿಯಲ್ಲಿರುವಂಥದೇ ಪುಟ್ಟ ಯಂತ್ರವಿತ್ತು. ಕಾರ್ಡು ನಂಬಲು ಆಗುವುದಿಲ್ಲ, ಹೆಬ್ಬೆಟ್ಟು ಸುಳ್ಳು ಹೇಳುವುದಿಲ್ಲ ಅಂದರು. ಮೊದಲು ಹೆಂಗಸರು ಅಂತ ಆ ಹುಡುಗಿಯನ್ನು ಎಬ್ಬಿಸಿದರು. ಅವಳು ಒತ್ತಿದಳು. ಕೆಂಪು ದೀಪ. ಇನ್ನೊಂದು ಕೈ. ಕೆಂಪು ದೀಪ. ನಮ್ಮ ಗುಂಪು ಹೋ ಅಂತ ಕೂಗಿತು. ನಾನು ಮಾತ್ರ ಕೂಗದೆ ಹೆಗಲ ಟವಲು ಸರಿಮಾಡಿಕೊಂಡೆ. ಯಾಕೆ ಕೆಂಪು ದೀಪ ಬಂತು ಅಂತ ನನಗೆ ಗೊತ್ತಿತ್ತು. ಆ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಯಾರಿಗೆ ತಾನೆ ಗೊತ್ತಿರಲಿಲ್ಲ?

"ಇವಳ ರೆಕಾರ್ಡೇ ಇಲ್ಲ. ವ್ಯಾನ್ ಹತ್ತಿಸಿ" ಅಂದರು ಅಧಿಕಾರಿ.

ಅಕ್ಕ ಎದ್ದು ಸೀರೆ ಕೊಡವಿಕೊಂಡಳು. "ಸಾ, ಒಸಿ ನಂದೂ ಒತ್ತಿಸ್ಕಳಿ."

"ನೀವ್ಯಾಕಮ್ಮಾ? ನೀವು ಲೋಕಲ್ ಅಲ್ವಾ?"

"ಅದ್ಕೇ ಸಾ. ಲೋಕಲ್ ಹೆಬ್ಬೆಟ್ಟು ಎಂಗೈತೆ ಅಂತಾನೂ ನೋಡ್ಬುಡಿ."

ಅವರು ಬೇಡವೆನ್ನುವಷ್ಟರಲ್ಲಿ ಒತ್ತಿಯೇಬಿಟ್ಟಳು. ಕೆಂಪು ದೀಪ. ಎಡಗೈ ಒತ್ತಿದಳು. ಕೆಂಪು ದೀಪ. "ಈಗ ಹೇಳಿ ಸಾ, ನನ್ನ ಯಾವ ದೇಸುಕ್ಕೆ ಕಳ್ಸೀರಿ?"

ನೆರೆದವರು ನಕ್ಕರು. ಕಾನ್‌ಸ್ಟೇಬಲ್ ಕೂಡ ಮುಖ ತಿರುಗಿಸಿಕೊಂಡು ನಕ್ಕ. ಅಧಿಕಾರಿಗೆ ಸಿಟ್ಟು ಬಂತು. "ತಮಾಷೆ ಮಾಡ್ತೀರಾ? ನೀವು ಇಲ್ಲಿಯೋರು ಅಂತ ಹೇಳೋರು ಯಾರಿದ್ದಾರೆ?"

ಬೀದಿಯಲ್ಲಿ ಅವಳನ್ನು ಅರಿಯದವರಿರಲಿಲ್ಲ. ಯಾರ ಹೆಸರನ್ನಾದರೂ ಹೇಳಬಹುದಿತ್ತು. ಆದರೆ ಅವಳು ಕೈ ಎತ್ತಿ ತೋರಿಸಿದ್ದು ನನ್ನನ್ನು. "ಅಗೋ, ಅಲ್ಲಿ ಟವಲ್ ಹಾಕ್ಕಂಡು ನಿಂತವ್ನಲ್ಲ, ನನ್ ತಮ್ಮ. ರೇಷನ್‌ಗೆ ನಂದು ಬರಲ್ಲ ಅಂತ ತಿಂಗ್ಳು ತಿಂಗ್ಳು ಅವನ್ ಹೆಬ್ಬೆಟ್ಟೇ ಹೋಗೋದು. ಅವನ್ನೇ ಕೇಳಿ."

ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಪಕ್ಕದಲ್ಲಿದ್ದ ಗೆಳೆಯ ಕಿವಿಯಲ್ಲಿ, "ಲೇ, ಹೂಂ ಅಂದ್ಬುಟ್ಟೀಯ. ನಮ್ ಕಂಪ್ಲೇಂಟು ನೀರ್ಗೋಯ್ತದೆ ಕಣ್ಲಾ" ಅಂದ.

"ಏನಯ್ಯಾ, ಇವರು ನಿನ್ನ ಅಕ್ಕನಾ?" ಅಧಿಕಾರಿ ಕೇಳಿದರು.

"ಗೊತ್ತಿಲ್ಲ ಸಾ" ಅಂದೆ.

ಇಷ್ಟೇ ನಾನು ಹೇಳಿದ್ದು. ಹೇಗೆ ಬಂತೋ ಆ ಮಾತು, ಈಗಲೂ ತಿಳಿಯದು. ಗೆಳೆಯರ ಭಯ ಅನ್ನಬಹುದು, ಕೆಲಸ ಹೋದ ಸಿಟ್ಟು ಅನ್ನಬಹುದು. ಯಾವುದನ್ನು ಹೇಳಿದರೂ ಆ ಮಾತು ಚಿಕ್ಕದಾಗುವುದಿಲ್ಲ.

ಅಕ್ಕ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತೊಟ್ಟಿಯಲ್ಲಿ ಎಳೆ ಕಡಿದಾಗ ಒಂದು ಗಳಿಗೆ ಕೈ ನಿಲ್ಲಿಸಿ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ಆ ಹುಡುಗಿಯ ಕೈ ಹಿಡಿದಳು. "ಆಯ್ತು ಬುಡಿ. ನಾನು ಯಾರ್ಗೂ ಗೊತ್ತಿಲ್ದೋಳು. ನಡೀ ಮಗ, ಒಂದ್ ದಪ ವ್ಯಾನೂ ನೋಡನ." ಹತ್ತುವ ಮುಂಚೆ ಸಾಹೇಬರ ಕಡೆ ತಿರುಗಿ, "ಸಾಹೇಬ್ರೆ, ಇಲ್ ಕೂರೋಕ್ ಮುಂಚೆ ನಾನ್ ಒಲೆ ಮೇಲಿಟ್ಟ ಒಂದೀಟು ಗೂಡು ಹಂಗೇ ಐತೆ, ಇಳಿಸ್ಬುಡಿ. ಬೆಂದು ಮುದ್ದೆಯಾದಾತು" ಅಂದಳು.

ಮುಂದಿನದು ನಾನು ಕೇಳಿ ತಿಳಿದದ್ದು. ವ್ಯಾನಿನ ಹಿಂದೆಯೇ ಬೀದಿಯ ಹೆಂಗಸರೆಲ್ಲ ನಡೆದರು. ಠಾಣೆಯಲ್ಲಿ ಸಾಲಾಗಿ ನಿಂತು, ನಮ್ಮದೂ ಒತ್ತಿಸಿಕೊಳ್ಳಿ ಅಂದರು. ಯಾರದ್ದು ಒತ್ತಿದರೂ ಹೆಚ್ಚುಕಮ್ಮಿ ಕೆಂಪು ದೀಪವೇ. ಸಾಹೇಬರೂ ಬಂದು, "ಅರೆ, ಈಕೆ ನಮ್ಮ ತಂದೆ ಕಾಲದಿಂದ ಇದಾಳೆ ಸಾರ್" ಅಂದರು. ಮೇಲಿನ ಅಧಿಕಾರಿ ಒಬ್ಬರು ತಾಳ್ಮೆಯವರು. ಹೆಂಗಸರ ಬೆರಳುಗಳನ್ನು ತಿರುಗಿಸಿ ನೋಡಿದರಂತೆ. ಹುಡುಗಿಯ ಊರಿಗೆ ಫೋನು ಮಾಡಿಸಿದರಂತೆ. ಅವಳ ಅಪ್ಪ, ಶಾಲೆ, ಮನೆ ಎಲ್ಲವೂ ಅಲ್ಲೇ ಇದ್ದವು. ಸಂಜೆಗೆ ಇಬ್ಬರನ್ನೂ ಕಳಿಸಿದರು. ಮೂವರು ಗಂಡಸರಲ್ಲಿ ಇಬ್ಬರು ವಾರದೊಳಗೆ ಬಂದರು. ಒಬ್ಬ ಬರಲಿಲ್ಲ. ಅವನು ನಿಜಕ್ಕೂ ಗಡಿ ದಾಟಿ ಬಂದವನಂತೆ. ನೋಡು, ನಾವು ಹೇಳಿರಲಿಲ್ಲವಾ ಅಂತ ಗೆಳೆಯರು ಕುಣಿದರು. ಅಕ್ಕ ಅದನ್ನು ಅಲ್ಲಗಳೆಯಲಿಲ್ಲ. "ಇರ್ಬೋದು. ಕಾನೂನು ಅವ್ರಿಗೆ ಗೊತ್ತು. ಅವ್ನೂ ಬಿಸ್ನೀರ್ಗೆ ಕೈ ಹಾಕಿದ್ದು ನಂಗೊತ್ತು" ಅಂದಳಷ್ಟೇ. ಯಾರು ಬರಬೇಕು, ಯಾರು ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡುವಷ್ಟು ನಾನು ಓದಿದವನಲ್ಲ. ನನಗೆ ಕೇಳಿದ ಪ್ರಶ್ನೆ ಅದಾಗಿರಲೂ ಇಲ್ಲ.

ಅಕ್ಕ ಠಾಣೆಯಿಂದ ಬಂದ ಆ ಸಂಜೆ ಅವಳ ಮನೆಗೆ ಹೋಗಬಾರದು ಅಂದುಕೊಂಡೆ. ಆದರೆ ಕಾಲು ಕೇಳಲಿಲ್ಲ. ಬಾಗಿಲಲ್ಲಿ ನಿಂತೆ. ಅಕ್ಕ ಒಲೆಯ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಬಿಗಿಯಿತು. "ಅಕ್ಕಾ, ಇವ್ರು ಯಾಕ್ ಬಂದವ್ರೆ?"

ಅಕ್ಕ ತಲೆ ಎತ್ತದೆ, "ಯಾರೋ ಗೊತ್ತಿಲ್ಲ ಕಣ್ ಮಗ. ದಿನಾ ಬಂದು ಉಂಡ್ಕಂಡೋಯ್ತಾನೆ. ತಟ್ಟೆ ಇಕ್ಕು" ಅಂದಳು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು. ನಾನು ತಲೆ ತಗ್ಗಿಸಿ ಕೂತೆ. ಮುದ್ದೆ ಬಿಸಿಯಾಗಿತ್ತು, ಯಾವತ್ತಿಗಿಂತ ದೊಡ್ಡದಾಗಿಯೂ ಇತ್ತು. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ಮಾತು ರೂಢಿಯಲ್ಲಿರಲಿಲ್ಲ. ಕೇಳಬೇಕಿತ್ತು. ಕೇಳಲಿಲ್ಲ.

ಅಂದಿನಿಂದ ಆ ಮಾತು ಅಕ್ಕನ ಬಾಯಲ್ಲಿ ನಿಂತುಬಿಟ್ಟಿತು. ನೆಂಟರು ಬಂದರೆ, ಹಾಲಿನವನು ಕೇಳಿದರೆ, ನನ್ನನ್ನು ತೋರಿಸಿ, "ಯಾರೋ ಗೊತ್ತಿಲ್ಲ, ದಿನಾ ಬಂದು ಉಂಡ್ಕಂಡೋಯ್ತಾನೆ." ಕೇಳಿದವರಿಗೆ ನಗು. ನನಗೆ ಮೊದಮೊದಲು ಮುಳ್ಳು. ಬರಬರುತ್ತ ಆ ಮಾತಿಗಾಗಿ ಕಾಯುವಂತಾದೆ. ಅವಳು ಅದನ್ನು ಹೇಳಿದಳೆಂದರೆ ಆ ದಿನ ಖುಷಿಯಲ್ಲಿದ್ದಾಳೆ ಅಂತ ಅರ್ಥ.

ಆ ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. ಠಾಣೆಗೆ ಒಟ್ಟಿಗೆ ನಡೆದಿದ್ದ ಹೆಂಗಸರು ಆಮೇಲೆ ಸಾಹೇಬರ ಮುಂದೆಯೂ ಒಟ್ಟಿಗೆ ನಿಂತರು. ನಮ್ಮವರಿಗೊಂದು ಕೂಲಿ, ಹೊರಗಿನವರಿಗೊಂದು ಕೂಲಿ ಬೇಡ ಅಂದರು. ಸಾಹೇಬರು ಗೊಣಗಿ ಒಪ್ಪಿದರು. ಕೂಲಿಯಲ್ಲಿ ಹೆಚ್ಚುಕಡಿಮೆ ಇಲ್ಲದ ಮೇಲೆ ಹಳೆಯ ಕೈಯೇ ವಾಸಿ ಅಂತ ನನ್ನನ್ನೂ ಮತ್ತೆ ಕರೆದರು. ನಾನು ಬೇಯಿಸಿಕೊಟ್ಟ ಗೂಡನ್ನು ಅಕ್ಕ ಒಂದು ಕಡೆ, ಹುಡುಗಿ ಒಂದು ಕಡೆ ಬಿಚ್ಚುತ್ತಿದ್ದರು. ಹುಡುಗಿ ಜೊತೆಯ ಕೆಲಸಗಾರನನ್ನೇ ಮದುವೆಯಾಗಿ ಅಕ್ಕನ ವಠಾರದಲ್ಲೇ ಮನೆ ಮಾಡಿದಳು. ಅವಳಿಗೆ ಹೆಣ್ಣು ಮಗುವಾದಾಗ ನೀರೆರೆದು ಬಾಣಂತನ ಮಾಡಿದವಳು ನಮ್ಮಕ್ಕ. ಕುದಿನೀರನ್ನು ಹದ ನೋಡದೆ ಸುರಿದಾಳೆಂದು ಹುಡುಗಿ ಕೂಗಿಕೊಳ್ಳುತ್ತಿದ್ದಳು. "ನಿನ್ ಕೈಲಿ ನೋಡ್ಬ್ಯಾಡಕ್ಕಾ, ಮೊಣಕೈಲಿ ನೋಡು!"

ಅಕ್ಕ ಹೋದದ್ದು ಅವರೆಕಾಯಿಯ ಕಾಲದಲ್ಲಿ. ಬಿಸಿಲಿಗೆ ಕೂತು ಕಾಯಿ ಬಿಡಿಸುತ್ತಿದ್ದವಳು ಗೋಡೆಗೆ ಒರಗಿದಳು. ನಿದ್ದೆ ಅಂದುಕೊಂಡು ಹುಡುಗಿ ಮೊರವನ್ನು ಮೆಲ್ಲಗೆ ಸರಿಸಿದಳಂತೆ.

ಮೊಮ್ಮಗಳನ್ನು ನೋಡಲು ಮುರ್ಷಿದಾಬಾದಿನಿಂದ ಹೊರಟಿದ್ದ ಹುಡುಗಿಯ ತಾಯಿ ಅಕ್ಕನ ತಿಥಿಯ ದಿನವೇ ಬಂದಿಳಿದಳು. ಮಗಳ ಜೊತೆ ವ್ಯಾನು ಹತ್ತಿದವಳನ್ನು ಒಮ್ಮೆ ನೋಡಬೇಕು ಅಂತ ಊರಿನ ಸೀರೆಯೊಂದನ್ನು ತಂದಿದ್ದಳು. ಅದನ್ನು ಎಡೆಯ ಮುಂದೆ ಇಟ್ಟು ಕೈಮುಗಿದಳು. ಆಮೇಲೆ ತಲೆ ಬೋಳಿಸಿಕೊಂಡು ಓಡಾಡುತ್ತಿದ್ದ ನನ್ನನ್ನು ನೋಡಿ ಮಗಳನ್ನು ಏನೋ ಕೇಳಿದಳು. ಭಾಷೆ ಬಾರದಿದ್ದರೂ ಪ್ರಶ್ನೆ ನನಗೆ ತಿಳಿಯಿತು.

ಹುಡುಗಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಅಕ್ಕನದ್ದೇ ದನಿಯಲ್ಲಿ, ಕನ್ನಡದಲ್ಲೇ, "ಯಾರೋ ಗೊತ್ತಿಲ್ಲ ಕಣವ್ವ. ದಿನಾ ಬಂದು ಉಂಡ್ಕಂಡೋಯ್ತಾನೆ" ಅಂದಳು.

ಪಂಕ್ತಿಯಲ್ಲಿದ್ದ ಫಿಲೇಚರಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ತಾಯಿ ಮಾತ್ರ ಅರ್ಥವಾಗದೆ ನನ್ನನ್ನೇ ನೋಡುತ್ತಿದ್ದಳು. ನಾನು ಟವಲು ತೆಗೆದು, ಎಲ್ಲರಿಗೂ ಕೇಳುವಂತೆ, "ನಾನು ಅವಳ ತಮ್ಮ ಕಣವ್ವ" ಅಂದೆ.

ಹುಡುಗಿ ಅದನ್ನು ತನ್ನ ಭಾಷೆಯಲ್ಲಿ ತಾಯಿಗೆ ಹೇಳಿದಳು. ಆಮೇಲೆ ಕೊನೆಯಲ್ಲಿ ಒಂದು ಎಲೆ ಹಾಸಿ, ನೀರು ಚಿಮುಕಿಸಿ, "ಕೂತ್ಕಳಣ್ಣ" ಅಂದಳು. "ಉಂಡ್ಕಂಡೇ ಹೋಗು."