ಎಂಟು ಮನೆಗಳ ಅಡ್ವಾನ್ಸ್

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಸೂಳಗಿರಿಯ ಬ್ಯಾಂಕ್ ಶಾಖೆಯೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಒಂದು ಬೆಳಿಗ್ಗೆ ಮುನಿಯಪ್ಪನವರು ಹೆಂಡತಿ ರತ್ನಮ್ಮನ ಜೊತೆ ಬಂದು ಕುಳಿತರು. ಹೊಸೂರಿನ ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಕಾರ್ಮಿಕರಿಗೆ ಬಾಡಿಗೆಗೆಂದು ಎಂಟು ಸಣ್ಣ ಮನೆ ಕಟ್ಟಿಸಿ, ಅವುಗಳ ಪತ್ರವನ್ನು ನಮ್ಮಲ್ಲಿ ಅಡವಿಟ್ಟಿದ್ದರು. ಸಾಲದ ಬಾಕಿ ಹದಿನಾಲ್ಕು ಲಕ್ಷ. ಪಿ.ಎಫ್., ಗ್ರಾಚುಟಿ ಸೇರಿ ಕೈಗೆ ಬಂದದ್ದು ಹದಿನಾರು ಲಕ್ಷ.

“ಪೂರಾ ಕಟ್ಬುಡ್ತೀನಿ ಮೇಡಂ. ಪತ್ರ ನಿಮ್ತಾವ ಇರೋಗಂಟ ನಂಗೆ ನಿದ್ದೆ ಬರಾಕಿಲ್ಲ” ಎಂದರು.

ಸಾಲ ತೀರಿಸುವವರನ್ನು ತಡೆಯುವುದು ನನ್ನ ಕೆಲಸವಲ್ಲ. ಆದರೆ ಸುಮ್ಮನಿರುವುದೂ ನನಗೆ ಬರುವುದಿಲ್ಲ. “ಬಾಡಿಗೆದಾರರ ಅಡ್ವಾನ್ಸ್ ಎಲ್ಲಿದೆ?” ಎಂದೆ. ನಮ್ಮ ಕಡೆ ಮನೆಗೆ ಬರುವವರು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಡುತ್ತಾರೆ. ಬಿಟ್ಟುಹೋಗುವಾಗ ಮಾಲೀಕರು ಅದನ್ನು ಹಿಂದಿರುಗಿಸಬೇಕು.

“ಅದ್ರಲ್ಲೇ ಅಲ್ವಾ ನಾವಿರೋ ಮ್ಯಾಗಡೆ ಮನೆ ಎಬ್ಸಿದ್ದು” ಎಂದು ನಕ್ಕರು. ಮನೆಗೆ ನಲವತ್ತು ಸಾವಿರದಂತೆ ಮೂರು ಲಕ್ಷ ಇಪ್ಪತ್ತು ಸಾವಿರ. ಅವರ ಲೆಕ್ಕದಲ್ಲಿ ಅದು ಸಾಲವೇ ಅಲ್ಲ. ಹಳಬರು ಹೋದರೆ ಹೊಸಬರ ಅಡ್ವಾನ್ಸ್ ಇಸಿದುಕೊಂಡು ಕೊಟ್ಟರಾಯಿತು, ಇಲ್ಲಿನ ಮಾಲೀಕರು ಮಾಡುವುದೇ ಹಾಗೆ.

“ನಾಲ್ಕೈದು ಮನೆ ಒಟ್ಟಿಗೆ ಖಾಲಿಯಾದರೆ?”

“ಬಡ್ಡಿ ಓಯ್ತದಲ್ಲಾಂತ ನಿಮ್ಗೆ ಸಂಕಟ” ಎಂದು ಮುಖ ಗಂಟಿಕ್ಕಿದರು. ನನಗೂ ರೇಗಿತು. ಸಾಲ ಮುಗಿಸುವ ಅರ್ಜಿಯನ್ನು ಅವರ ಮುಂದೆ ತಳ್ಳಿದೆ.

ಪೆನ್ನು ಹಿಡಿದ ಗಂಡನ ಕೈಯನ್ನು ರತ್ನಮ್ಮ ತಡೆದರು. “ಮನೆ ಬಿಡೋರು ಮಕ್ಳುಮರಿ ಕಟ್ಕಂಡು, ಕಾಸು ಕೊಡಣ್ಣಾ ಅಂತ ಬಾಗ್ಲಾಗೆ ನಿಂತ್ಕತಾರೆ. ಆವಾಗ ಅವ್ರಿಗೆ ಪತ್ರ ತೋರುಸ್ತೀಯಾ?”

ಮುನಿಯಪ್ಪನವರು ಪೆನ್ನು ಕೆಳಗಿಟ್ಟರು. ಕೊನೆಗೆ ಸಾಲಕ್ಕೆ ಎಂಟು ಲಕ್ಷ ಮಾತ್ರ ಕಟ್ಟಿ, ತಿಂಗಳ ಕಂತು ಇಳಿಸಿಕೊಂಡರು. ಅಡ್ವಾನ್ಸಿನ ಮೊತ್ತವನ್ನು ಬೇರೆಯಾಗಿ ಡೆಪಾಸಿಟ್ ಇಟ್ಟರು. ಉಳಿದದ್ದು ಮನೆಖರ್ಚಿಗೆ. ಹೋಗುವಾಗ ನನಗೊಂದು ನಮಸ್ಕಾರವನ್ನೂ ಹೇಳಲಿಲ್ಲ.

ಮರುವರ್ಷ ಹತ್ತಿರದ ಕಾರ್ಖಾನೆಯೊಂದು ಒಂದು ಶಿಫ್ಟ್ ನಿಲ್ಲಿಸಿತು. ಅದೇ ತಿಂಗಳು ಐದು ಮನೆ ಖಾಲಿಯಾದವು, ಹೊಸಬರು ಯಾರೂ ಬರಲಿಲ್ಲ. ಡೆಪಾಸಿಟ್ ಮುರಿಸಿ ಎರಡು ಲಕ್ಷ ಒಯ್ದ ಮುನಿಯಪ್ಪನವರು ವಾರದ ನಂತರ ಕಂತು ಕಟ್ಟಲು ಬಂದರು. “ಪತ್ರ ಇನ್ನೂ ನಮ್ಮಲ್ಲೇ ಇದೆ. ನಿದ್ದೆ ಹೇಗೆ?” ಎಂದು ಛೇಡಿಸಿದೆ.

“ಬತ್ತದೆ ಮೇಡಂ. ಐದು ಮನೆಯೋರೂ ಲಾರಿ ಹತ್ತೋ ಮುಂಚೆ ಅವ್ರ ಕಾಸು ಅವ್ರ ಕೈಗಿಟ್ಟೆ. ಒಬ್ರ ಮುಂದೂ ತಲೆ ತಗ್ಗುಸ್ಲಿಲ್ಲ.”

ನನಗೆ ತುಂಬಾ ಸಂತೋಷವಾಯಿತು. ಅಂದಿನಿಂದ, ಸಾಲ ಪೂರ್ತಿ ತೀರಿಸುತ್ತೇನೆಂದು ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಬ್ಯಾಂಕನ್ನು ಬಿಟ್ಟು ಇನ್ನು ಯಾರಿಗೆ ಕೊಡಬೇಕು?