ಸಮುದ್ರಕ್ಕೆ ಬೆನ್ನು ಹಾಕಿದ ಕುರ್ಚಿಗಳು

ಮೂವತ್ತೊಂದು ವರ್ಷ ಕುಂದಾಪುರ–ಬೈಂದೂರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನನ್ನು ಅಂತಾರಾಷ್ಟ್ರೀಯ ಕ್ರೀಡಾಕೂಟವೊಂದರ ಟಿಕೆಟ್ ಸಮಿತಿಗೆ ಮುಖ್ಯಸ್ಥನನ್ನಾಗಿ ಮಾಡಿದರು ಎಂದರೆ ಯಾರೂ ನಂಬುವುದಿಲ್ಲ. ಮೊದಲ ದಿನ ನಾನೂ ನಂಬಿರಲಿಲ್ಲ. ಆದರೆ ಕೂಟದ ಅಧ್ಯಕ್ಷರು ತಲ್ಲೂರಿನ ನಮ್ಮ ಮನೆಗೆ ಖುದ್ದಾಗಿ ಬಂದು, ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನನ್ನ ಬಲಗೈಯನ್ನು ಹಿಡಿದುಕೊಂಡೇ ಮಾತಾಡಿದರು. ಅವರು ಮುಂಬಯಿಯಲ್ಲಿ ಹೋಟೆಲು ಮಾಡಿ, ಅದನ್ನು ಮಗನಿಗೆ ಬಿಟ್ಟು, ಊರಿಗೆ ಏನಾದರೂ ದೊಡ್ಡದು ಮಾಡಬೇಕೆಂದು ಬಂದವರು.

"ಟಿಕೆಟ್ ಹರ್ದ ಕೈ ಮರಾಯ್ರೆ ಇದ್. ನಿಮ್ನ್ ಬಿಟ್ರೆ ಬೇರೆ ಯಾರಿದ್ರ್?"

"ಬಸ್ಸಿಂದ್ ಬೇರೆ, ಇದ್ ಬೇರೆ ಅಲ್ದಾ?" ಎಂದೆ.

"ಎಂತ ಬೇರೆ? ಅಲ್ಲೂ ಸೀಟ್, ಇಲ್ಲೂ ಸೀಟ್. ಅಲ್ಲ್ ಬಸ್ ಓಡುತ್ತ್, ಇಲ್ಲ್ ಜನ ಓಡ್ತ್ರ್. ಖಲಾಸ್!"

ಚಹಾ ತಂದಿಟ್ಟ ನನ್ನ ಹೆಂಡತಿ ಅವರು ಗೇಟು ದಾಟುವವರೆಗೆ ಕಾದಳು. ಆಮೇಲೆ, "ಹ್ವಾಯ್, ಮನಿ ರೇಷನ್ ಕಾರ್ಡ್ ಎಲ್ಲಿತ್ ಅಂದೇಳಿ ನಿಮ್ಗ್ ಗೊತ್ತಿಲ್ಲೆ. ಎಂಟ್ ದೇಶದ್ ಜನ ನೀವ್ ಕೂರ್ಸುದಾ?" ಎಂದು ಕೇಳಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಎಂಟು ದೇಶ, ಹನ್ನೆರಡು ಆಟ, ಮೂರು ತಾಲೂಕು. ಇದರಲ್ಲಿ ದೇಶಗಳಿಂದ ನಮಗೆ ಒಂದು ತೊಂದರೆಯೂ ಆಗಲಿಲ್ಲ. ತೊಂದರೆ ಕೊಟ್ಟದ್ದು ತಾಲೂಕುಗಳು. ಯಾವ ಆಟ ಎಲ್ಲಿ ಎಂದು ತೀರ್ಮಾನಿಸುವ ಸಭೆಯಲ್ಲಿ ಬೈಂದೂರಿನವರು, ಕಡಲು ನಮ್ಮದು, ಉದ್ಘಾಟನೆ ನಮಗೇ ಬೇಕೆಂದರು. ಕುಂದಾಪುರದವರು, ಲಾಡ್ಜು ಆಸ್ಪತ್ರೆ ರೈಲು ಎಲ್ಲ ನಮ್ಮದು, ಉದ್ಘಾಟನೆ ಬೇರೆ ಎಲ್ಲಿ ಆಗುತ್ತದೆ ಎಂದರು. ಬ್ರಹ್ಮಾವರದವರು ಎದ್ದು ಬಾಗಿಲ ತನಕ ಹೋದರು. ಅವರನ್ನು ಕರೆದು ಕೂರಿಸಿ, ಓಟವೆಲ್ಲ ನಿಮಗೆ ಎಂದಾಗ, "ಓಟ ಎಲ್ಲ ಹತ್ ಸೆಕೆಂಡಂಗ್ ಮುಗಿತ್ತ್. ಊಟ ಹಾಕುಕಾರೂ ಟೈಮ್ ಬ್ಯಾಡ್ದಾ?" ಎಂದು ಕೇಳಿದರು. ಕೊನೆಗೆ ಅವರಿಗೆ ನಡಿಗೆ ಸ್ಪರ್ಧೆಯನ್ನೂ ಸೇರಿಸಿ ಕೊಟ್ಟೆವು. ನಡಿಗೆ ನಿಧಾನವಲ್ಲವೇ, ಸಮಾಧಾನವಾಯಿತು.

ಭಾರ ಎತ್ತುವ ಸ್ಪರ್ಧೆಗೆ ಗೊತ್ತು ಮಾಡಿದ ಕಲ್ಯಾಣ ಮಂಟಪದಲ್ಲಿ ಅದೇ ದಿನ ಮದುವೆ ಇದೆ ಎಂದು ಆಮೇಲೆ ತಿಳಿಯಿತು. ಮಂಟಪದವರು ಒಳ್ಳೆಯವರು. ಮುಹೂರ್ತ ಮೇಲಿನ ಹಾಲಿನಲ್ಲಿ, ಊಟದ ಹಾಲು ಹನ್ನೆರಡರ ತನಕ ಖಾಲಿ, ಅಷ್ಟರೊಳಗೆ ಎತ್ತಿ ಮುಗಿಸಿ ಎಂದರು. ಹಾಗೆಯೇ ನಡೆಯಿತು ಕೂಡ. ಮದುವೆಗೆ ಬಂದವರಲ್ಲಿ ಅರ್ಧ ಜನ ಕೆಳಗೇ ಉಳಿದರೆಂದು ಹುಡುಗಿಯ ಕಡೆಯವರಿಗೆ ಸ್ವಲ್ಪ ಬೇಸರವಾಯಿತಷ್ಟೆ.

ಉದ್ಘಾಟನೆಯ ಹಟದಲ್ಲಿ ಗೆದ್ದದ್ದು ಬೈಂದೂರು. ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಡಲ ಕಿನಾರೆಯಲ್ಲಿ ಉದ್ಘಾಟನೆ, ಕೂಡಲೇ ಮರಳಿನ ಮೇಲೆ ಕಬಡ್ಡಿ. ಕುರ್ಚಿ ಹಾಕುವ ನಕ್ಷೆಯನ್ನು ಬೆಂಗಳೂರಿನ ಒಂದು ಕಂಪೆನಿ ಮಾಡಿ ಕಳಿಸಿತು. ನಾಲ್ಕು ಬಣ್ಣದ, ಮೇಜು ತುಂಬುವ ಹಾಳೆ. ನಡುವೆ ಅಂಕಣ. ದಡದ ಬದಿಗೆ ಟಿಕೆಟಿನ ಕುರ್ಚಿ, ಪ್ರತಿಯೊಂದಕ್ಕೂ ನಂಬರು. ಗಣ್ಯರ ಸೋಫಾಗಳು ಮಾತ್ರ ಆಚೆ ಬದಿಗೆ, ಅಂಕಣಕ್ಕೂ ನೀರಿಗೂ ಮಧ್ಯೆ, ಸಮುದ್ರಕ್ಕೆ ಬೆನ್ನು ಹಾಕಿ. ಯಾಕೆ ಹೀಗೆ ಎಂದು ಕೇಳಿದೆ. ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು.

"ಫೋಟೋ ತೆಗ್ದ್ರೆ ಗಣ್ಯರ ಹಿಂದೆ ಎಂತ ಕಾಣ್ಕ್? ನಿಮ್ಮ ಜನ ಶೇಂಗಾ ತಿಂಬುದ್ ಕಾಣ್ಕಾ? ಸಮುದ್ರ ಕಾಣ್ಕ್!"

ಟಿಕೆಟ್ ಮಾರಲು ಕುಂದಾಪುರದ ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಜಗಲಿ ಸಿಕ್ಕಿತು. ಮೇಜು, ಮೇಲೊಂದು ಬ್ಯಾನರು, ಪಕ್ಕದಲ್ಲಿ ಆ ನಕ್ಷೆ. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನೇತಾಡಿಕೊಂಡು ಟಿಕೆಟ್ ಕೊಟ್ಟವನಿಗೆ ಕೂತು ಕೊಡುವುದೇ ಒಂದು ಭಾಗ್ಯ ಅಂದುಕೊಂಡೆ. ಕೊಡುವುದಕ್ಕೆ ಜನ ಬರಬೇಕಲ್ಲ. ಬಂದವರು ತುಂಬ, ಕೇಳಿದ್ದು ಮಾತ್ರ ಪಾಸು. "ಟಿಕೆಟ್ ಇದೆ" ಎಂದರೆ ಮುಖ ಸಣ್ಣ ಮಾಡುತ್ತಿದ್ದರು.

"ನಾನ್ ಟಿಕೆಟ್ ತಕಂಬುದಾ? ಅಧ್ಯಕ್ಷರ ಭಾವನ ಪಕ್ಕದ್ ಮನಿ ನಮ್ದ್!"

ನಮ್ಮ ಕಡೆ ಟಿಕೆಟ್ ಕೊಳ್ಳುವುದೆಂದರೆ ತನಗೆ ಯಾರ ಪರಿಚಯವೂ ಇಲ್ಲವೆಂದು ಪೇಟೆಯ ನಡುವೆ ನಿಂತು ಒಪ್ಪಿಕೊಂಡಂತೆ. ಹಾಗಾಗಿ ಗಣ್ಯರಿಗೆ ಪಾಸು ಮುದ್ರಿಸಿದೆವು, ಅವರಿಗಿಂತ ತಾವೇನು ಕಡಿಮೆ ಎಂದವರಿಗೆ ಅತಿಗಣ್ಯರ ಪಾಸು ಮುದ್ರಿಸಿದೆವು. ಅದರ ಮೇಲೆ ದಾನಿ, ಮಹಾದಾನಿ, ಪೋಷಕ, ವಿಶೇಷ ಆಹ್ವಾನಿತ. ಒಂದೊಂದಕ್ಕೆ ಒಂದೊಂದು ಬಣ್ಣ. ಕೊನೆಕೊನೆಗೆ ಬಣ್ಣ ಮುಗಿದು, ಮುದ್ರಣಾಲಯದವರು ಫೋನು ಮಾಡಿ ಬದನೆಕಾಯಿ ಬಣ್ಣ ಆದೀತೇ ಎಂದು ಕೇಳಿದರು. ಆದೀತು ಎಂದೆ. ಪಾಸುಗಳು ಕುರ್ಚಿಗಳ ಎರಡರಷ್ಟಾದವು. ಬಸ್ಸಿನಲ್ಲಾದರೆ ಟಾಪಿನ ಮೇಲೆ ಹತ್ತಿಸಬಹುದಿತ್ತು.

ಐದನೆಯ ದಿನವೋ ಆರನೆಯ ದಿನವೋ ಮೀನು ಮಾರುವ ಹೆಂಗಸೊಬ್ಬಳು ಬಂದಳು. ನನ್ನ ಬಸ್ಸಿನ ಹಳೆಯ ಪ್ರಯಾಣಿಕಳು. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ತುಂಬಿಕೊಂಡು ಹತ್ತಿ, ತಲ್ಲೂರು ಗುಲ್ವಾಡಿ ಕಡೆ ಮನೆಮನೆಗೆ ಮಾರಿ ಮಧ್ಯಾಹ್ನ ತಿರುಗುವವಳು. ಈಗ ವಯಸ್ಸಾಗಿದೆ, ಮಾರುಕಟ್ಟೆಯಲ್ಲೇ ಕೂರುತ್ತಾಳೆ. ಖಾಲಿ ಬುಟ್ಟಿಯನ್ನು ಕಾಲ ಬಳಿ ಇಳಿಸಿ, "ಕಂಡಕ್ಟ್ರೆ, ಎರಡ್ ಟಿಕೆಟ್ ಕೊಡಿ" ಎಂದಳು. ಪಾಸು ಕೇಳದ ಮೊದಲ ಗಿರಾಕಿ.

"ಎರಡಾ? ಇನ್ನೊಬ್ರ್ ಯಾರ್?"

"ಬುಟ್ಟಿ."

ನಾನು ನಕ್ಕೆ. ಅವಳು ನಗಲಿಲ್ಲ.

"ಬುಟ್ಟಿಗ್ ಟಿಕೆಟ್ ಬ್ಯಾಡ ಮಾರಾಯ್ತಿ."

"ಬಸ್ಸಂಗೆ ತಕಂಡಿರ್ಲ್ಯಾ ನೀವ್? ನಂಗೂ ತಕಂಡ್ರಿ, ಬುಟ್ಟಿಗೂ ತಕಂಡ್ರಿ. ವಾಸ್ನಿ ಅಂದೇಳಿ ಇಬ್ರನ್ನೂ ಹಿಂದಿನ್ ಬಾಗ್ಲಂಗ್ ನಿಲ್ಸಿದ್ರಿ. ಇಲ್ಲ್ ನಂಬ್ರ ಬರ್ದ್ ಕುರ್ಚಿ ಕೊಡ್ತ್ರಿ ಅಂಬ್ರಲೆ? ಈಗ ಇಬ್ರೂ ಕೂಕಂತೊ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸೀಟು ಖಾಲಿ ಇದ್ದ ದಿನವೂ ನಾನು ಅವಳನ್ನು ನಿಲ್ಲಿಸಿದ್ದೆ. ಬೇರೆ ಪ್ರಯಾಣಿಕರು ಮೂಗು ಮುಚ್ಚುತ್ತಾರೆ, ಮಾಲೀಕರಿಗೆ ದೂರು ಹೋಗುತ್ತದೆ ಎಂಬುದು ನನ್ನ ಕಾರಣ. ಮುಂದಿನ ಸಾಲಿನ ಏಳು, ಎಂಟು ನಂಬರು ಹರಿದು ಕೊಟ್ಟೆ.

ಟಿಕೆಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವಳು ನಕ್ಷೆಯ ಮುಂದೆ ನಿಂತಳು.

"ಕಡಲ್ ಬದಿಗ್ ಎಂತ ಇದ್?"

"ಗಣ್ಯರ್ ಕೂಕಂಬುಕೆ."

"ಅವತ್ ಹುಣ್ಮಿ ಅಲ್ದಾ? ಹನ್ನೊಂದ್ ಗಂಟಿಗ್ ನೀರ್ ಮೇಲ್ ಬತ್ತ್. ಒಂಬತ್ತಕ್ ಶುರು ಮಾಡಿ ಎಬ್ಸಿ ಕಳ್ಸಿದ್ರೆ ಅಡ್ಡಿಲ್ಲೆ." ಸ್ವಲ್ಪ ಯೋಚಿಸಿ, "ದೊಡ್ಡವ್ರ್ ಒಂಬತ್ತಕ್ ಬತ್ರಾ?" ಎಂದು ಕೇಳಿದಳು.

ಅಂದು ಸಂಜೆಯೇ ಅಧ್ಯಕ್ಷರಿಗೆ ವಿಷಯ ಹೇಳಿದೆ. ಅವರು ನಕ್ಷೆ ಬಿಡಿಸಿ ಸಮುದ್ರವೆಂದು ಬರೆದಿದ್ದ ನೀಲಿ ಗೆರೆಯ ಮೇಲೆ ಬೆರಳಿಟ್ಟರು.

"ಗೆರಿ ಎಲ್ಲಿತ್ ಕಾಣಿ. ಸೋಫಾ ಎಲ್ಲಿತ್ ಕಾಣಿ. ನಡುಕ್ ಇಷ್ಟ್ ಜಾಗ ಇತ್ತಲೆ! ಕಂಪ್ಯೂಟರಂಗ್ ಮಾಡದ್ದ್ ಮರಾಯ್ರೆ ಇದ್. ಮೀನ್ ಮಾರುವರ್ ಮಾತ್ ಕೇಂಡ್ ಬದಲ್ ಮಾಡುದಾ?"

ಗೆರೆ ಇದ್ದಲ್ಲಿಯೇ ಇತ್ತು. ನಾನು ನಕ್ಷೆ ಸುತ್ತಿಟ್ಟೆ.

ಉದ್ಘಾಟನೆಯ ದಿನ ಎಂಟೂವರೆಗೆಲ್ಲ ಕಿನಾರೆ ತುಂಬಿತು. ದಡದ ಬದಿಯ ಕುರ್ಚಿಗಳಲ್ಲಿ ಸೋಫಾ ಸಿಗದ ಪಾಸಿನವರು ಮಡಿಲಲ್ಲಿ ಒಬ್ಬೊಬ್ಬರನ್ನು ಕೂರಿಸಿಕೊಂಡಿದ್ದರು. ಮುಂದಿನ ಸಾಲಿನ ಏಳರಲ್ಲಿ ಆ ಹೆಂಗಸು, ಇಸ್ತ್ರಿ ಮಾಡಿದ ಸೀರೆಯಲ್ಲಿ. ಎಂಟರಲ್ಲಿ ಬುಟ್ಟಿ. ಅಂಕಣದ ಪಕ್ಕದಲ್ಲಿ ನೇಪಾಳದವರೂ ಶ್ರೀಲಂಕಾದವರೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಒಂಬತ್ತಾಯಿತು, ಹತ್ತಾಯಿತು. ಆಟಗಾರರು ಮೈ ಬಿಸಿ ಮಾಡಿ ಮಾಡಿ ಸುಸ್ತಾಗಿ ತೆಂಗಿನ ಮರದ ನೆರಳಿನಲ್ಲಿ ಮಲಗಿದರು. ಮುಖ್ಯ ಅತಿಥಿಗಳು ಬಂದಾಗ ಹತ್ತೂಮುಕ್ಕಾಲು. ಅವರದು ಬಹಳ ದೊಡ್ಡ ಹುದ್ದೆ. ಯಾವುದೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಅವರ ಕಾರಿನ ಮುಂದೆ ಇನ್ನೆರಡು ಕಾರು ಬಂದವು.

ಕೆಂಪು ಜಮಖಾನದ ಮೇಲೆ ನಡೆದು ಗಣ್ಯರು ಸೋಫಾಗಳಲ್ಲಿ ಕೂತರು. ಅಧ್ಯಕ್ಷರು ಸೋಫಾಗಳ ಪಕ್ಕದಲ್ಲೇ ಜನರ ಕಡೆ ಮುಖ ಮಾಡಿ ನಿಂತು ಸ್ವಾಗತ ಭಾಷಣ ಶುರು ಮಾಡಿದರು. ಫೋಟೋದವರು ಹೇಳಿದರು, ಹಿಂದೆ ಸಮುದ್ರ ಭಾರಿ ಚೆಂದ ಬರುತ್ತಿದೆ ಅಂತ. ನಿಜಕ್ಕೂ ಬರುತ್ತಲೇ ಇತ್ತು.

ದಡದ ಕಡೆ ಕೂತ ನಮಗೆಲ್ಲ ಕಾಣುತ್ತಿತ್ತು. ಒಂದು ತೆರೆ ಸೋಫಾಗಳಿಂದ ಹತ್ತು ಮಾರು ಹಿಂದೆ ನಿಂತು ವಾಪಸಾಯಿತು. ಮುಂದಿನದು ಐದು ಮಾರು. ಜನ "ಹೋ" ಎಂದು ಕೂಗಿದರು. ಅಧ್ಯಕ್ಷರು ಭಾಷಣ ನಿಲ್ಲಿಸಿ, "ಕಂಡ್ರಾ, ನಮ್ಮ ಜನತೆಯ ಉತ್ಸಾಹ!" ಎಂದು ಮುಖ್ಯ ಅತಿಥಿಗಳಿಗೆ ಕೈಮುಗಿದರು. ಅತಿಥಿಗಳು ಜನರ ಕಡೆ ಕೈ ಬೀಸಿದರು. ಜನ ಇನ್ನೂ ಜೋರಾಗಿ ಕೂಗಿ, ಎರಡೂ ಕೈ ಎತ್ತಿ ಹಿಂದೆ ನೋಡಿ ಹಿಂದೆ ನೋಡಿ ಎಂದು ತೋರಿಸಿದರು. ಅತಿಥಿಗಳೂ ಎರಡೂ ಕೈ ಎತ್ತಿದರು.

ಅಷ್ಟರಲ್ಲಿ ತೆರೆ ಸೋಫಾದ ಕೆಳಗಿನಿಂದ ನುಗ್ಗಿ ಮುಂದೆ ಬಂತು. ಯಾರಿಗೂ ಅಪಾಯವಾಗುವಷ್ಟು ನೀರಲ್ಲ, ಮೊಣಕಾಲಿಗಿಂತ ಕೆಳಗೆ. ಆದರೆ ಸಾಲುಸಾಲು ಗಣ್ಯರು ಒಟ್ಟಿಗೆ ಎದ್ದು ಪಂಚೆ, ಪ್ಯಾಂಟು, ಸೀರೆ ಎತ್ತಿಕೊಂಡು ಕಬಡ್ಡಿ ಅಂಕಣ ದಾಟಿ ಓಡಿ ಬಂದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೂಟದ ಮೊದಲ ಸ್ಪರ್ಧೆ ಅದೇ ಆಯಿತು. ಕೆಂಪು ಜಮಖಾನ ಮಡಚಿಕೊಂಡು ಕಡಲಿಗೆ ಹೋಯಿತು. ಮುಖ್ಯ ಅತಿಥಿಗಳ ಒಂದು ಬೂಟೂ ಹೋಯಿತು.

ಈಗ ಇವರನ್ನು ಕೂರಿಸುವುದೆಲ್ಲಿ? ಪಾಸಿನವರು ಯಾರೂ ಅಲುಗಾಡಲಿಲ್ಲ, ಅವರೂ ಗಣ್ಯರೇ ತಾನೆ. ಕೈಯಲ್ಲಿ ಬದನೆಕಾಯಿ ಬಣ್ಣ ಹಿಡಿದು ತೋರಿಸಿದರು. ಅಧ್ಯಕ್ಷರು ಮುಂದಿನ ಸಾಲಿಗೆ ಬಂದು ಆ ಹೆಂಗಸಿಗೆ, "ಹೇ, ಏಳ್ ಕಾಂಬ. ಬುಟ್ಟಿ ತಕೋ" ಎಂದರು.

ಅವಳು ಸೆರಗಿನ ಗಂಟು ಬಿಚ್ಚಿ ಟಿಕೆಟ್ ತೆಗೆದು, ಅವರಿಗಲ್ಲ, ನನಗೆ ಕೊಟ್ಟಳು. "ಕಂಡಕ್ಟ್ರೆ, ಓದಿ ಹೇಳಿ."

ಅಧ್ಯಕ್ಷರೂ ನನ್ನನ್ನೇ ನೋಡುತ್ತಿದ್ದರು. ಮುಖ್ಯ ಅತಿಥಿಗಳು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಒದ್ದೆ ಸಾಕ್ಸು ಹಾಕಿಕೊಂಡು ನಿಂತಿದ್ದರು. ಬಸ್ಸಿನಲ್ಲಿ ನಾನು ಎಷ್ಟೋ ಜನರನ್ನು ಎಬ್ಬಿಸಿದವನು. ದೊಡ್ಡವರಿಗಾಗಿ ಸಣ್ಣವರನ್ನು ಎಬ್ಬಿಸುವುದು ಕೈಗೆ ರೂಢಿಯಾದ ಕೆಲಸ. ಟಿಕೆಟನ್ನು ಎರಡು ಸಲ ಓದಿದೆ.

"ಏಳೂ ಎಂಟೂ ಇವ್ರದ್ದೇ," ಎಂದೆ. "ಎಬ್ಸುಕ್ ಆತಿಲ್ಲೆ."

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಆಗ ಅವಳೇ ಮುಖ್ಯ ಅತಿಥಿಗಳನ್ನು ಅಡಿಯಿಂದ ಮುಡಿವರೆಗೆ ನೋಡಿ, ಬುಟ್ಟಿಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಬನಿ, ಬುಟ್ಟಿ ಸೀಟಂಗ್ ಕೂಕಣಿ. ಅದಕ್ ಬೇಜಾರಿಲ್ಲೆ."

ಅವರು ಕೂತರು. ನೀರು ಇನ್ನೆಷ್ಟು ಏರುತ್ತದೆ ಎಂದು ಮೆಲ್ಲಗೆ ಕೇಳಿದರು. ಇಷ್ಟೇ, ಇನ್ನು ಇಳಿಯುತ್ತದೆ ಎಂದಳು. ಅಷ್ಟು ಹೊತ್ತಿಗೆ ಎರಡೂ ದೇಶದ ಆಟಗಾರರು ಮರದಡಿಯಿಂದ ಎದ್ದು ಬಂದು, ಅಂಕಣದ ಹಗ್ಗ ಕಿತ್ತು, ಒಣ ಮರಳಿನಲ್ಲಿ ಹತ್ತು ಹೆಜ್ಜೆ ಅಳೆದು ಮತ್ತೆ ಕಟ್ಟಿದರು. ಮೂರು ತಿಂಗಳು ನಾವು ಸಭೆ ಸೇರಿ ಮಾಡಿದ್ದನ್ನು ಕಾಲು ಗಂಟೆಯಲ್ಲಿ ಮಾಡಿ ಆಟ ಶುರು ಮಾಡಿಯೇಬಿಟ್ಟರು. ಉದ್ಘಾಟನೆಯ ದೀಪ ಹಚ್ಚುವುದು ಎಲ್ಲರಿಗೂ ಮರೆತುಹೋಯಿತು. ಅಧ್ಯಕ್ಷರು ಆಟ ಮುಗಿಯುವ ತನಕ ನಿಂತೇ ಇದ್ದರು.

ಮುಂದಿನ ವಾರದ ಸಭೆಯಲ್ಲಿ ವರದಿ ಓದಿದರು. "ಮುಖ್ಯ ಅತಿಥಿಗಳು ಜನಸಾಮಾನ್ಯರ ನಡುವೆ ಕುಳಿತು ಪಂದ್ಯ ವೀಕ್ಷಿಸಲು ಸಮಿತಿ ವಿಶೇಷ ವ್ಯವಸ್ಥೆ ಮಾಡಿತ್ತು" ಎಂಬ ವಾಕ್ಯ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನಗೊಂದು ಶಾಲು ಹೊದೆಸಿ, ಇನ್ನು ಮೇಲೆ ನಿಮಗೆ ವಿಶ್ರಾಂತಿ ಬೇಕು ಎಂದು ಅಧ್ಯಕ್ಷರು ಪ್ರೀತಿಯಿಂದಲೇ ಹೇಳಿದರು.

ಆದರೆ ನನಗೆ ನೆನಪಾಗುವುದು ಆ ಸಭೆಯಲ್ಲ. ಕೂಟ ಮುಗಿದ ಮರುದಿನ ನೇಪಾಳದವರು ಕುಂದಾಪುರ ಸ್ಟೇಷನ್ನಿನಿಂದ ಹೊರಟಿದ್ದರು. ಬೀಳ್ಕೊಡುಗೆಗೆ ಪ್ರತ್ಯೇಕ ಸಮಿತಿಯೇ ಇತ್ತು, ಅದರಲ್ಲಿ ಹನ್ನೊಂದು ಜನ, ಯಾರೂ ಬಂದಿರಲಿಲ್ಲ. ಹತ್ತಿರದಲ್ಲೇ ಇದ್ದ ನಾನು ಹೋಗಿ ನಿಂತೆ. ಅವರ ಪೈಕಿ ಒಬ್ಬ, ನಲವತ್ತು ದಾಟಿದವನು, ನೀರಿನ ಬಾಟಲಿಯೊಂದನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದ. ಅದರಲ್ಲಿರುವುದು ಕಡಲ ನೀರು. ಅವನ ಅಮ್ಮ ಸಮುದ್ರ ಕಂಡವಳಲ್ಲವಂತೆ. ಮನೆ ಮುಟ್ಟಲು ನಾಲ್ಕು ದಿನ ಬೇಕು, ಅಷ್ಟರಲ್ಲಿ ಇದು ಕೆಡುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದ.

ಹುಟ್ಟಿದಂದಿನಿಂದ ಅದರ ಪಕ್ಕದಲ್ಲೇ ಬದುಕಿದವನು ನಾನು. ಅದನ್ನು ಒಂದು ದಿನವೂ ತುಂಬಿಸಿಟ್ಟು ನೋಡಿರಲಿಲ್ಲ. ಉಪ್ಪಲ್ಲವೇ, ಕೆಡುವುದಿಲ್ಲ ಎಂದು ನನಗೆ ಬರುವ ಹರಕು ಹಿಂದಿಯಲ್ಲಿ ಹೇಳಿದೆ. ಅವನು ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ತಿರುಗಿಸಿ ಬಿಗಿ ಮಾಡಿ ರೈಲು ಹತ್ತಿದ.